ಎರಡು ನಿಮಿಷದ ಫೈಲು

ಆ ಮನೆಯಲ್ಲಿ ಮೊಟ್ಟೆ ಬೇಯುವುದಕ್ಕೆ ಐದು ಫೈಲು ಬೇಕಾಗುತ್ತಿತ್ತು. ಹುರುಳಿಕಾಯಿ ಹೆಚ್ಚುವುದಕ್ಕೆ ಮೂರು, ಒಗೆದ ಬಟ್ಟೆ ಹರವುವುದಕ್ಕೆ ನಾಲ್ಕು, ಮಾವನಿಗೆ ಸೂಪು ಕುಡಿಸುವುದಕ್ಕೆ ಎಂಟು. ಅವರು ಹಠ ಹಿಡಿದ ದಿನ ಹತ್ತು. ಗೋಡೆಯ ಮೇಲೆ ಗಡಿಯಾರವಿತ್ತು, ಸರಿಯಾಗಿ ನಡೆಯುತ್ತಲೂ ಇತ್ತು. ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. "ಒಲೆ ಮೇಲೆ ಹಾಲಿದೆ ಕಣೇ, ಎರಡು ಫೈಲ್ ಆದಮೇಲೆ ಕೂಗು" ಎಂದು ಅತ್ತೆ ಅಡುಗೆಮನೆಯಿಂದ ಹೇಳುವುದು, ಊಟದ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಸೊಸೆ "ಹೂಂ ಅತ್ತೆ" ಎನ್ನುವುದು ಎರಡು ವರ್ಷದಿಂದ ನಡೆದುಕೊಂಡು ಬಂದಿತ್ತು.

ಸೊಸೆಯ ಕೆಲಸ ಇಂಥದ್ದು. ಮುದುಕರಿಗೆ, ಕೈಕಾಲು ಬಿದ್ದವರಿಗೆ ಮನೆಗೇ ಜನ ಕಳಿಸಿ ಆರೈಕೆ ಮಾಡಿಸುವ ಸರಕಾರಿ ಕಚೇರಿಯೊಂದಿತ್ತು. ಯಾರಿಗೆ ವಾರಕ್ಕೆ ಎಷ್ಟು ಗಂಟೆಯ ಆರೈಕೆ ಕೊಡಬೇಕು ಎಂದು ಹಿಂದೆ ಗುಮಾಸ್ತರು ತೀರ್ಮಾನಿಸುತ್ತಿದ್ದರು. ಈಗ ಕೃತಕ ಬುದ್ಧಿಮತ್ತೆ ತೀರ್ಮಾನಿಸುತ್ತಿತ್ತು. ಮನೆಯವರ ಬಾಯಲ್ಲಿ ಅದು ಬರೀ 'ಮಿಷನ್ನು'. ಮಿಷನ್ನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಒಪ್ಪಬಾರದು, ಪ್ರತಿ ತೀರ್ಮಾನವನ್ನೂ ಮನುಷ್ಯರೊಬ್ಬರು ಓದಿ ನೋಡಬೇಕು ಎಂದು ಮೇಲಿನಿಂದ ನಿಯಮ ಬಂತು. ಆ 'ಮನುಷ್ಯರೊಬ್ಬರು' ಅಂದರೆ ಈ ಸೊಸೆ ಮತ್ತು ಅವಳಂಥ ನಾನೂರೈವತ್ತು ಜನ. ಅವಳ ಸಂಖ್ಯೆ 417. ಅದನ್ನು ಕಚೇರಿಯವರೇ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅಂಟಿಸಿ ಕೊಟ್ಟಿದ್ದರು.

ಓದಲು 'ಸಾಕಷ್ಟು ಸಮಯ' ಇರಬೇಕು ಎಂದು ನಿಯಮದಲ್ಲಿತ್ತು. ಸಾಕಷ್ಟು ಅಂದರೆ ಎಷ್ಟು ಎಂದು ಇರಲಿಲ್ಲ. ಕಚೇರಿ ಎರಡು ನಿಮಿಷ ಎಂದುಕೊಂಡಿತು. ಫೈಲು ತೆರೆದು ಎರಡು ನಿಮಿಷ ಆಗುವವರೆಗೂ 'ಒಪ್ಪಿದೆ' ಎಂಬ ಚೌಕ ಬೂದು ಬಣ್ಣದಲ್ಲಿರುತ್ತಿತ್ತು. ಆಮೇಲೆ ಹಸಿರಾಗುತ್ತಿತ್ತು. ಮೂರು ಪುಟದ ಫೈಲನ್ನು ನಿಜವಾಗಿ ಓದಲು ಆರೇಳು ನಿಮಿಷ ಬೇಕು. ದಿನಕ್ಕೆ ಮುಗಿಸಬೇಕಾದದ್ದು ನೂರಾ ಅರವತ್ತು ಫೈಲು. ಒಪ್ಪಿದರೆ ಒಂದು ಒತ್ತು, ಮುಗೀತು. ಒಪ್ಪದಿದ್ದರೆ ಇನ್ನೂರು ಪದದ ಕಾರಣ ಬರೆಯಬೇಕು, ಮೇಲ್ವಿಚಾರಕನ ಫೋನಿಗೆ ಉತ್ತರ ಹೇಳಬೇಕು. ಮೊದಲ ತಿಂಗಳು ಸೊಸೆ ಎಲ್ಲವನ್ನೂ ಓದಿದಳು, ಹನ್ನೊಂದು ಸಲ ಒಪ್ಪಲಿಲ್ಲ. 'ನಿಮ್ಮ ವೇಗ ಕಡಿಮೆಯಿದೆ' ಎಂದು ಕಚೇರಿಯಿಂದ ಎರಡು ಎಚ್ಚರಿಕೆ ಬಂದವು. ಅಲ್ಲಿಂದಾಚೆಗೆ ಅವಳು ಫೈಲು ತೆರೆದು, ಮೊದಲ ಪುಟದ ಮೇಲೆ ಕಣ್ಣಾಡಿಸಿ, ಎದ್ದು ಹೋಗಿ ಪಾತ್ರೆ ತೊಳೆದು ಬರುವಷ್ಟರಲ್ಲಿ ಚೌಕ ಹಸಿರಾಗಿರುತ್ತಿತ್ತು. ಅವಳೊಬ್ಬಳೇ ಅಲ್ಲ, ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಹಾಗಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮಾವ ಟೈಲರ್. ನಲವತ್ತು ವರ್ಷ ಬೀದಿಯ ತಿರುವಿನಲ್ಲಿ ಅಂಗಡಿ ಇಟ್ಟುಕೊಂಡು ಅಪ್ಪ, ಮಗ, ಮೊಮ್ಮಗ ಮೂವರ ಅಳತೆಯನ್ನೂ ತೆಗೆದವರು. ಒಂದೂವರೆ ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು, ಕೋಪ, ತಮಾಷೆ ಮೂರೂ ಹಾಗೇ ಉಳಿದವು. ವಾರಕ್ಕೆ ಆರು ದಿನ ಬೆಳಿಗ್ಗೆ ಎಂಟಕ್ಕೆ ಆರೈಕೆಯಾಕೆ ಬಂದು ಎರಡು ಗಂಟೆ ಇರುತ್ತಿದ್ದಳು. ಗಟ್ಟಿ ತೋಳಿನ ಹೆಂಗಸು. ಮಾವನನ್ನು ಎತ್ತಿ ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಕಾಲು ತಿಕ್ಕಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದಳು. ಅವಳು ಬಂದು ಹೋದ ಮೇಲೆ ಮನೆಯಲ್ಲಿ ಉಳಿದ ಕೆಲಸ ಶುರುವಾಗುತ್ತಿತ್ತು.

ಇನ್ನು ಸೊಸೆಯ ಗಂಡ. ಸಿಟಿ ಬಸ್ಸಿನ ಡ್ರೈವರ್. ನಸುಕಿನಲ್ಲಿ ಹೊರಟರೆ ಮಧ್ಯಾಹ್ನ ಮೂರಕ್ಕೆ ಬಂದು, ತಟ್ಟೆಗೆ ಹಾಕಿದ್ದನ್ನು ತಿಂದು, ಮಲಗುವವನು. ಮಗಳು ಕಾಲೇಜಿನ ಎರಡನೇ ವರ್ಷ. ಹಾಲಿಗೆ ಸಕ್ಕರೆ ಹಾಕುವ ವಿಷಯಕ್ಕೂ ವಾದ ಮಾಡುವವಳೆಂದು ತಾತ ಅವಳಿಗೆ 'ಲಾಯರಮ್ಮ' ಎಂದು ಹೆಸರಿಟ್ಟು, ಅದೇ ನಿಂತುಹೋಗಿತ್ತು.

ಆರೈಕೆಯ ಗಂಟೆಗಳನ್ನು ವರ್ಷಕ್ಕೊಮ್ಮೆ ಹೊಸದಾಗಿ ಗೊತ್ತುಮಾಡುತ್ತಿದ್ದರು. ಅದಕ್ಕಾಗಿ ವಿಚಾರಣೆಯ ಅಧಿಕಾರಿ ಮನೆಗೆ ಬಂದ ದಿನ ಸೊಸೆ ಇರಲಿಲ್ಲ; ಹೊಸ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವುದು ಹೇಗೆ ಎಂಬ ತರಬೇತಿಗೆ ಕಚೇರಿಗೆ ಹೋಗಿದ್ದಳು. ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಮೆಲ್ಲಗೆ ಕೇಳಿದಳು.

"ಅಜ್ಜಾ, ಊಟ ನೀವೇ ಮಾಡ್ತೀರಾ?"

"ಮತ್ತೆ, ಪಕ್ಕದ ಮನೆಯವರು ಬಂದು ಮಾಡ್ತಾರಾ?"

"ಅಂಗಿ ಗುಂಡಿ ಹಾಕ್ಕೋತೀರಾ?"

ಟೈಲರನಿಗೆ ಕೇಳುವ ಪ್ರಶ್ನೆಯೇ ಇದು? ಮಾವ ನಕ್ಕರು. "ಲಕ್ಷ ಅಂಗಿಗೆ ಗುಂಡಿ ಹಚ್ಚಿದೀನಿ ತಾಯಿ. ನನ್ನದೊಂದು ಅಂಗಿಗೆ ಹಾಕ್ಕೊಳ್ಳೋಕೆ ಆಗಲ್ವಾ?"

ಅಧಿಕಾರಿ ಅತ್ತೆಯ ಮುಖ ನೋಡಿದಳು. ಅತ್ತೆ ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಹೊರಗಿನವರೆದುರು ಗಂಡನನ್ನು ಕೈಲಾಗದವನು ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. "ಹೌದಮ್ಮ, ಇವರದ್ದೆಲ್ಲ ಇವರೇ ನೋಡ್ಕೋತಾರೆ" ಎಂದು ಚಹಾ ತರಲು ಎದ್ದಳು. ಸಂಜೆ ಸೊಸೆ ಬಂದಾಗ "ಬಂದಿದ್ಲು, ಕೇಳಿದ್ಲು, ಹೋದ್ಲು" ಎಂದಷ್ಟೇ ಹೇಳಿದಳು.

ಮೂರು ವಾರದ ಮೇಲೆ ಕಾಗದ ಬಂತು. ರಾತ್ರಿ ಊಟಕ್ಕೆ ಕೂತಾಗ ಲಾಯರಮ್ಮ ಬಿಡಿಸಿ ಓದಿದಳು. ವಾರಕ್ಕೆ ಹನ್ನೆರಡು ಗಂಟೆಯಿದ್ದ ಆರೈಕೆ ನಾಲ್ಕಕ್ಕಿಳಿದಿತ್ತು. ಆರು ಬೆಳಿಗ್ಗೆ ಹೋಗಿ ಎರಡು ಬೆಳಿಗ್ಗೆ.

"ಯಾಕಂತೆ?" ಎಂದಳು ಅತ್ತೆ.

"'ಅರ್ಜಿದಾರರು ಸ್ವಂತವಾಗಿ ಊಟ ಮಾಡಬಲ್ಲರು, ಉಡುಪು ಧರಿಸಬಲ್ಲರು.' ಅದಕ್ಕಂತೆ."

ಅತ್ತೆ ಮಾವನನ್ನು ನೋಡಿದಳು. ಮಾವ ಆಲೂಗಡ್ಡೆಯನ್ನು ನೋಡಿದರು.

"ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಇದೆ," ಲಾಯರಮ್ಮ ಕಾಗದವನ್ನು ಕಣ್ಣಿನ ಹತ್ತಿರ ತಂದಳು. "'ನಿಯಮ ಹದಿನಾಲ್ಕರ ಪ್ರಕಾರ ಈ ತೀರ್ಮಾನವನ್ನು ಮನುಷ್ಯರೊಬ್ಬರು ಅರ್ಥಪೂರ್ಣವಾಗಿ ಪರಿಶೀಲಿಸಿದ್ದಾರೆ. ಪರಿಶೀಲಕರ ಸಂಖ್ಯೆ 417. ಮಂಗಳವಾರ, ಬೆಳಿಗ್ಗೆ ಹನ್ನೊಂದು ನಲವತ್ತು.'"

ಸೊಸೆಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅರ್ಥಪೂರ್ಣವಾಗಿ ಅಂದ್ರೆ ಏನೇ?" ಅತ್ತೆ ಅವಳನ್ನೇ ಕೇಳಿದಳು. "ನಿಮ್ಮ ಕಚೇರಿ ಮಾತಲ್ವಾ ಅದು?"

"ಅಂದ್ರೆ... ಓದಿ ನೋಡಿದಾರೆ ಅಂತ."

"ಯಾರೋ ಪುಣ್ಯಾತ್ಗಿತ್ತಿ ಓದಿದಾಳೆ ನೋಡು" ಎಂದು ಅತ್ತೆ ತಟ್ಟೆ ಎತ್ತಿಕೊಂಡು ಹೋದಳು. ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದರು.

ಆಮೇಲಿನ ವಾರಗಳಲ್ಲಿ ಆ ಮನೆ ಸವೆಯಿತು. ಅದಕ್ಕೆ ಬೇರೆ ಮಾತಿಲ್ಲ. ಆರೈಕೆಯಾಕೆ ಬರುವ ಎರಡು ಬೆಳಿಗ್ಗೆ ಬಿಟ್ಟರೆ ಉಳಿದ ದಿನ ಮಾವನನ್ನು ಎತ್ತುವುದು ಎಪ್ಪತ್ತು ವರ್ಷದ ಅತ್ತೆ. ಎತ್ತುವಾಗ ಅವರಿಗೆ ನೋವಾಗಿ ಬೈಯುತ್ತಿದ್ದರು, ಅವಳಿಗೆ ನೋವಾಗಿ ತಿರುಗಿ ಬೈಯುತ್ತಿದ್ದಳು. ಸೊಸೆ ಎರಡೆರಡು ನಿಮಿಷಕ್ಕೆ ಎದ್ದು ಬಂದು ಒಂದು ಕೈ ಕೊಡುತ್ತಿದ್ದಳು. ಓಡಿ ಹೋಗಿ ಹಸಿರು ಚೌಕ ಒತ್ತಿ ಮತ್ತೆ ಓಡಿ ಬರುತ್ತಿದ್ದಳು. ಡ್ರೈವರ್ ಮಧ್ಯಾಹ್ನ ಬಂದರೆ ಊಟ ತಣ್ಣಗಾಗಿರುತ್ತಿತ್ತು.

"ಇದನ್ನ ಬಿಸಿ ಮಾಡೋಕೂ ಯಾರಿಗೂ ಪುರಸೊತ್ತಿಲ್ವಾ?" ಎಂದರೆ, "ಒಲೆ ಎಲ್ಲಿದೆ ಅಂತ ನಿಂಗೂ ಗೊತ್ತಲ್ಲ" ಎಂದು ಅತ್ತೆಯೇ ಮಗನಿಗೆ ಜಾಡಿಸಿದಳು. ಅವನು ಎದ್ದು ಬಿಸಿ ಮಾಡಿಕೊಂಡ, ತಳ ಹಿಡಿಸಿದ, ಹಾಗೇ ತಿಂದ.

ಸೊಸೆ ಒಳಗೊಳಗೇ ಬೇಯುತ್ತಿದ್ದಳು. ಹೇಳಿಬಿಡಬೇಕು ಎಂದು ದಿನಾ ಅನ್ನಿಸುತ್ತಿತ್ತು. ಹೇಳಿದರೆ ಏನು ಸರಿಹೋಗುತ್ತದೆ ಎಂದೂ ಅನ್ನಿಸುತ್ತಿತ್ತು. ನಾಲ್ಕನೇ ವಾರದ ಸೋಮವಾರ ಬಚ್ಚಲುಮನೆಯಲ್ಲಿ ಮಾವ ಜಾರಿದರು. ಅತ್ತೆ ಹಿಡಿದುಕೊಂಡಳು. ಮಾವ ಬೀಳಲಿಲ್ಲ, ಅತ್ತೆಯ ಮಣಿಕಟ್ಟು ಉಳುಕಿತು. ಅದು ಊದಿಕೊಂಡು, ಡಾಕ್ಟರು ಪಟ್ಟಿ ಸುತ್ತಿ ಹದಿನೈದು ದಿನ ಏನೂ ಎತ್ತಬೇಡಿ ಎಂದರು.

"ಇವರನ್ನೂ ಎತ್ತಬಾರದಾ?" ಎಂದು ಅತ್ತೆ ಕೇಳಿದ್ದಕ್ಕೆ ಡಾಕ್ಟರು ನಕ್ಕರಂತೆ. ಅತ್ತೆ ಅದನ್ನು ಮನೆಗೆ ಬಂದು ಬೇಜಾರಿನಿಂದಲೇ ಹೇಳಿದಳು.

ಎತ್ತಬೇಡಿ ಎಂದರೇ ಹೊರತು ಒರೆಸಬೇಡಿ ಎನ್ನಲಿಲ್ಲವಲ್ಲ. ಮರುದಿನ ಮಧ್ಯಾಹ್ನ ಅತ್ತೆ ಎಡಗೈಯಲ್ಲಿ ಬಟ್ಟೆ ಹಿಡಿದು ಊಟದ ಮೇಜು ಒರೆಸುತ್ತಿದ್ದಳು. ಲ್ಯಾಪ್‌ಟಾಪಿನ ಮುಚ್ಚಳ ಒರೆಸಿದಳು. ಎರಡು ವರ್ಷದಿಂದ ದಿನಾ ಒರೆಸಿದ ಮುಚ್ಚಳ ಅದು. ಆವತ್ತು ಕೈ ನಿಂತಿತು. ಫ್ರಿಜ್ಜಿನ ಹತ್ತಿರ ಹೋಗಿ ಕಾಗದ ನೋಡಿದಳು, ವಾಪಸು ಬಂದು ಮುಚ್ಚಳ ನೋಡಿದಳು. ಸೊಸೆ ಸೂಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಈ ನಂಬರು ನಿಂದಾ?"

"ಹೌದು ಅತ್ತೆ."

"ನಿಂಗೆ ಗೊತ್ತಿತ್ತಾ?"

"ಕಾಗದ ಓದಿದ ದಿನಾನೇ ಗೊತ್ತಾಯ್ತು."

"ಒಂದು ತಿಂಗಳು!" ಅತ್ತೆಯ ದನಿಗೆ ಊಟ ಮಾಡುತ್ತಿದ್ದ ಡ್ರೈವರ್ ತಲೆಯೆತ್ತಿದ. "ಒಂದು ತಿಂಗಳಿಂದ ನನ್ನೆದುರಿಗೆ ಓಡಾಡ್ಕೊಂಡು ಇದೀಯ. ನನ್ನ ಕೈ ಮುರಿಯೋವರೆಗೂ ಕಾದ್ಯಾ?"

"ಮುರಿದಿಲ್ಲಮ್ಮ, ಉಳುಕಿದೆ" ಎಂದ ಮಗ.

"ನೀನು ಸುಮ್ನೆ ತಿನ್ನು!"

"ಫೈಲಲ್ಲಿ ಹೆಸರು ಕಾಣಲ್ಲ ಅತ್ತೆ. ಬೀದಿ ಕಾಣಲ್ಲ, ಮಾಡ್ತಿದ್ದ ಕೆಲಸ ಕಾಣಲ್ಲ. ಪಕ್ಷಪಾತ ಆಗಬಾರದು ಅಂತ ಎಲ್ಲ ಮುಚ್ಚಿರ್ತಾರೆ."

"ಹೆಸರು ಮುಚ್ಚಿದ್ರೆ ಮನುಷ್ಯನೇ ಮುಚ್ಚಿಹೋಗ್ತಾನಾ? ಎಪ್ಪತ್ನಾಲ್ಕು ವರ್ಷ, ಬಲಭಾಗ ಬಿದ್ದಿದೆ, ಮನೇಲಿ ಐದು ಜನ. ಓದಿದ್ರೆ ನಿಂಗೆ ಗೊತ್ತಾಗ್ತಿರಲಿಲ್ವಾ?"

"ನಾನು ಓದಲಿಲ್ಲ."

ಅತ್ತೆ ಮತ್ತೆ ಫ್ರಿಜ್ಜಿನ ಬಳಿ ಹೋಗಿ ಕಾಗದದ ಮೇಲೆ ಬೆರಳಿಟ್ಟಳು. "ಈ ಮಂಗಳವಾರ ಯಾವುದು ಗೊತ್ತಾ? ಆರೈಕೆಯಾಕೆ ಮಗೂಗೆ ಜ್ವರ ಅಂತ ಬರದೇ ಇದ್ದ ಮಂಗಳವಾರ. ಇವರ ಸ್ನಾನ ಮುಗಿಯೋ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ಫೈಲ್ ಬಿಟ್ಟು ಎದ್ದು ಬಂದು ಇವರ ಅಂಗಿಗೆ ಗುಂಡಿ ಹಾಕಿದವಳು ಯಾರು? ನೀನೇ ತಾನೆ?"

ಮೇಜಿನ ಮೇಲೆ ತೆರೆದಿಟ್ಟು ಬಂದದ್ದು ಅದೇ ಫೈಲೋ, ಅದರ ಹಿಂದಿನದೋ, ಮುಂದಿನದೋ ಹೇಳಲು ಸೊಸೆಯಿಂದ ಆಗುತ್ತಿರಲಿಲ್ಲ. ಅದೇ ಇದ್ದರೂ ಇದ್ದೀತು. ನಾಚಿಕೆಯಾಯಿತು, ನಾಚಿಕೆಯಿಂದ ಸಿಟ್ಟೂ ಬಂತು. "ಅಧಿಕಾರಿ ಎದುರಿಗೆ ಹೌದು ಹೌದು ಅಂದವರು ಯಾರು ಅತ್ತೆ? ನಾನಾ? ಇವರದ್ದೆಲ್ಲ ಇವರೇ ನೋಡ್ಕೋತಾರೆ ಅಂದವರು ಯಾರು?"

"ನನ್ನ ಗಂಡನ ಮಾನ ತೆಗೀಲಾ ನಾನು?"

"ಸಾಕು ಮಾಡಿ ಇಬ್ಬರೂ" ಕಿಟಕಿ ಪಕ್ಕದಿಂದ ಮಾವ ಹೇಳಿದರು. "ಮೊದಲು ಹೌದು ಅಂದವನು ನಾನು. ಬೈಯೋದಾದ್ರೆ ಈ ಕಡೆ ತಿರುಗಿ ಬೈಯಿರಿ."

ಯಾರೂ ಆ ಕಡೆ ತಿರುಗಲಿಲ್ಲ. ಸೂಪು ಆರಿ ಹೋಗಿತ್ತು.

ಸಂಜೆ ಕಾಲೇಜಿನಿಂದ ಬಂದ ಲಾಯರಮ್ಮನಿಗೆ ಮನೆಯ ಗಾಳಿಯಲ್ಲೇ ಸುದ್ದಿ ತಿಳಿಯಿತು. ಅವಳು ಬೈಯಲಿಲ್ಲ. ನಿಯಮದ ಪುಸ್ತಕವನ್ನು ಫೋನಿಗೆ ಇಳಿಸಿಕೊಂಡು ಎರಡು ದಿನ ಓದಿದಳು. ಅರವತ್ತಮೂರು ಪುಟ. ಆ ಮನೆಯಲ್ಲಿ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ; ಕಚೇರಿಯಲ್ಲೂ ಎಷ್ಟು ಜನ ಓದಿದ್ದರೋ ಕಾಣೆ. ಮೂರನೇ ದಿನ ತಾತನ ಎಡಗೈ ಹೆಬ್ಬೆಟ್ಟು ಒತ್ತಿಸಿ ಆಕ್ಷೇಪಣೆ ಕಳಿಸಿದಳು.

ಆ ಆಕ್ಷೇಪಣೆ ಹೋಗಿ ಹೋಗಿ ಎಲ್ಲಿಗೆ ಬಂತು? ಅದೇ ಊಟದ ಮೇಜಿಗೆ. ವಾರದ ಮೇಲೆ ಸೊಸೆಯ ಲ್ಯಾಪ್‌ಟಾಪಿನಲ್ಲಿ ಒಂದು ನಮೂನೆ ತೆರೆದುಕೊಂಡಿತು: 'ಪರಿಶೀಲಕರು 417. ತಾವು ಒಪ್ಪಿದ ತೀರ್ಮಾನವೊಂದರ ಮೇಲೆ ಆಕ್ಷೇಪಣೆ ಬಂದಿದೆ. ಒಪ್ಪುವ ಮೊದಲು ಫೈಲಿನ ಮೂರೂ ಪುಟಗಳನ್ನು ಓದಿದ್ದಿರಾ? ಹೌದು. ಇಲ್ಲ. ಐದು ದಿನದೊಳಗೆ ಉತ್ತರಿಸಿ.' ಹೌದು ಎಂದರೆ ಆಕ್ಷೇಪಣೆ ವಜಾ. ಇಲ್ಲ ಎಂದರೆ ಮಾವನಿಗೆ ಹೊಸ ವಿಚಾರಣೆ, ಪರಿಶೀಲಕರ ಮೇಲೆ ಕ್ರಮ.

"ಕ್ರಮ ಅಂದ್ರೆ?" ರಾತ್ರಿ ಊಟಕ್ಕೆ ಕೂತಾಗ ಡ್ರೈವರ್ ಕೇಳಿದ.

"ಕೆಲಸ ಹೋಗುತ್ತೆ."

"ಹಾಗಾದ್ರೆ ಹೌದು ಅಂತ ಒತ್ತು. ನನ್ನೊಬ್ಬನ ಸಂಬಳದಲ್ಲಿ ಬಾಡಿಗೆ ಕಟ್ಟಿದ ಮೇಲೆ ಬಾಯಿಗೆ ಏನು ಹಾಕ್ಕೊಳ್ಳೋದು?"

"ಸುಳ್ಳು ಹೇಳು ಅಂತೀಯಾ ಅಪ್ಪಾ?" ಎಂದಳು ಲಾಯರಮ್ಮ.

"ನೀನು ಫೀಸ್ ಕಟ್ಟೋ ದಿನ ಬಂದು ಹೇಳು ಈ ಮಾತು."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಬ್ರೆಡ್ಡು ಮುರಿಯುತ್ತಿದ್ದಳು. ಆ ಜಗಳದ ಮೇಲೆ ಸೊಸೆಯೊಂದಿಗೆ ಬೇಕಾದಷ್ಟೇ ಮಾತು. "ಹೌದು ಅಂತಾನೇ ಒತ್ತು" ಎಂದಳು. "ನನ್ನ ಕೈ ಇನ್ನೊಂದು ವಾರಕ್ಕೆ ಸರಿಹೋಗುತ್ತೆ. ಹೇಗೋ ಎತ್ತುತೀನಿ. ಕೆಲಸ ಹೋದ್ರೆ ಮತ್ತೆ ಸಿಗುತ್ತಾ ನಿಂಗೆ, ಈ ವಯಸ್ಸಲ್ಲಿ?"

ಅತ್ತೆ ಬೈದಿದ್ದರೇ ವಾಸಿಯಿತ್ತು. ಆ ಕರುಣೆಯನ್ನು ನುಂಗುವುದು ಸೊಸೆಗೆ ಕಷ್ಟವಾಯಿತು.

ನಾಲ್ಕು ದಿನ ಅವಳು ನಮೂನೆಯನ್ನು ಮುಟ್ಟಲಿಲ್ಲ. ಐದನೇ ದಿನ ಬೆಳಿಗ್ಗೆ ಅತ್ತೆ ಮೊಟ್ಟೆ ಇಟ್ಟು, "ಐದು ಫೈಲ್ ಆದಮೇಲೆ ಕೂಗು" ಎಂದಳು. ಸೊಸೆ ನಮೂನೆ ತೆರೆದಳು. ಹಳೆಯ ಫೈಲನ್ನು ಅದರ ಜೊತೆಗೇ ಲಗತ್ತಿಸಿದ್ದರು. ಮೊದಲ ಪುಟ ಓದಿದಳು. ಎರಡನೆಯದು ಓದಿದಳು. ಮೂರನೇ ಪುಟದ ಕೊನೆಯಲ್ಲಿ ಅಧಿಕಾರಿಯ ಟಿಪ್ಪಣಿ ಇತ್ತು.

'ಲಕ್ಷ ಅಂಗಿಗೆ ಗುಂಡಿ ಹಚ್ಚಿದ್ದೇನೆ, ನನ್ನ ಅಂಗಿಗೆ ಹಾಕಿಕೊಳ್ಳಲಾರೆನೇ ಎಂದು ಅರ್ಜಿದಾರರು ನಗುತ್ತ ಹೇಳಿದರು. ಅವರು ತೊಟ್ಟ ಅಂಗಿಯ ಮೇಲಿನ ಗುಂಡಿ ಕೆಳಗಿನ ಕಾಜಾದಲ್ಲಿತ್ತು. ನಾನು ಇದ್ದಷ್ಟು ಹೊತ್ತೂ ಬಲಗೈ ಅಲುಗಲಿಲ್ಲ. ಪತ್ನಿ ಅದರ ಮೇಲೆ ಹೊದಿಕೆ ಮುಚ್ಚಿದರು. ಹೌದು ಎಂದು ಹೇಳಿದ್ದರಿಂದ ಹೌದು ಎಂದೇ ಗುರುತು ಹಾಕಬೇಕಾಗಿದೆ. ಇದನ್ನು ಓದುವವರು ದಯವಿಟ್ಟು ಗಮನಿಸಬೇಕು.'

ಓದುವವರು. ಆ ಹುಡುಗಿ ಅಷ್ಟನ್ನೆಲ್ಲ ಕಣ್ಣಿಟ್ಟು ನೋಡಿ, ಯಾರೋ ಓದುತ್ತಾರೆ ಎಂದು ನಂಬಿ ಬರೆದಿದ್ದಳು. ಸೊಸೆ ಮೂರೂ ಪುಟವನ್ನು ಇನ್ನೊಮ್ಮೆ ಓದಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ 'ಇಲ್ಲ' ಎಂಬುದನ್ನು ಒತ್ತಿದಳು. ಕೂಗಲು ಮರೆತಿದ್ದರಿಂದ ಮೊಟ್ಟೆಯ ಪಾತ್ರೆಯ ನೀರೆಲ್ಲ ಆರಿ ಸುಟ್ಟ ವಾಸನೆ ಬಂತು. ಅತ್ತೆ ಓಡಿ ಬಂದು ಒಲೆ ಆರಿಸಿ, ಸೊಸೆಯ ಮುಖ ನೋಡಿ, ಏನೂ ಕೇಳದೆ ಪಾತ್ರೆ ನೆನೆಹಾಕಿದಳು.

ಮಧ್ಯಾಹ್ನದೊಳಗೆ ಮೇಲ್ವಿಚಾರಕನ ಫೋನು ಬಂತು. ಒಳ್ಳೆಯ ಮನುಷ್ಯನೇ, ಬಳಲಿದ ದನಿ.

"ಏನಮ್ಮಾ, ಕೈತಪ್ಪಿ ಒತ್ತಿದ್ರಾ? ಎಲ್ಲರೂ ಹೌದು ಅಂತಾರೆ. ತಿದ್ದೋಕೆ ಇನ್ನೂ ಒಂದು ಗಂಟೆ ಟೈಮಿದೆ."

"ಕೈತಪ್ಪಲಿಲ್ಲ ಸರ್. ಅದು ನಮ್ಮ ಮಾವನ ಫೈಲು."

"ಅದನ್ನ ಮಾತ್ರ ಎಲ್ಲೂ ಬರೀಬೇಡಿ" ಎಂದ.

"ಸರ್, ನಾನು ಓದದೇ ಒಪ್ಪಿದ್ದು ಅದೊಂದೇ ಅಲ್ಲ. ಎರಡು ವರ್ಷದ ಫೈಲುಗಳಿವೆ. ಅವನ್ನೂ ತೆಗೆದು ನೋಡ್ತೀರಾ?"

"ಅವರ್ಯಾರೂ ಆಕ್ಷೇಪಣೆ ಹಾಕಿಲ್ವಲ್ಲಮ್ಮ. ಹಾಕದೇ ಇದ್ರೆ ಸರಿ ಇದೆ ಅಂತಲೇ ನಿಯಮ."

ಅಲ್ಲಿಗೆ ಕೆಲಸ ಮುಗಿಯಿತು. ಮರುದಿನ ಒಬ್ಬ ಬಂದು ರಸೀದಿ ಕೊಟ್ಟು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದ. ಡ್ರೈವರ್ ಎರಡು ದಿನ ಹೆಂಡತಿಯೊಂದಿಗೆ ಮಾತಾಡಲಿಲ್ಲ; ಮೂರನೇ ದಿನ ಹೆಚ್ಚಿನ ಪಾಳಿಗೆ ಹೆಸರು ಕೊಟ್ಟು ಬಂದು, "ಇನ್ಮೇಲೆ ನಾನು ಬರೋದು ಆರು ಗಂಟೆಗೆ. ಊಟ ಡಬ್ಬಿಗೆ ಹಾಕಿಬಿಡು" ಎಂದ. ಅದೇ ಅವನ ರಾಜಿ.

ಹತ್ತನೇ ದಿನಕ್ಕೆ ಅಧಿಕಾರಿ ಬಂದಳು. ಅದೇ ಹೆಂಗಸು, ಅದೇ ಟ್ಯಾಬ್. ಈ ಸಲ ಮನೆಯವರೆಲ್ಲ ಇದ್ದರು. ಲಾಯರಮ್ಮ ತಾತನಿಗೆ ವಾರವಿಡೀ ಪಾಠ ಮಾಡಿದ್ದಳು: ಇದ್ದದ್ದನ್ನು ಇದ್ದ ಹಾಗೆ ಹೇಳು, ಜಂಬ ಬೇಡ.

"ಅಜ್ಜಾ, ಅಂಗಿ ಗುಂಡಿ ನೀವೇ ಹಾಕ್ಕೋತೀರಾ?"

ಮಾವ ಕಿಟಕಿಯಾಚೆ ನೋಡಿದರು. ಅಲ್ಲಿಂದ ತಿರುವಿನ ಅಂಗಡಿಯ ಮುಚ್ಚಿದ ಬಾಗಿಲು ಕಾಣುತ್ತಿತ್ತು. ಅತ್ತೆಯ ಕೈ ಅಭ್ಯಾಸದಿಂದ ಹೊದಿಕೆಯತ್ತ ಹೋಯಿತು. ಮಾವ ಎಡಗೈಯಿಂದ ಆ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದರು.

"ಇಲ್ಲ ತಾಯಿ. ಆಗಲ್ಲ" ಎಂದರು. "ಊಟಾನೂ ಆಗಲ್ಲ. ಬಚ್ಚಲಿಗೂ ಆಗಲ್ಲ. ಬರ್ಕೋ."

ಅತ್ತೆ ಎದ್ದು ಅಡುಗೆಮನೆಗೆ ಹೋದಳು. ಚಹಾ ಮಾಡಲಿಕ್ಕಲ್ಲ.

ಅಧಿಕಾರಿ ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ, "ಹಗಲು ಮನೇಲಿ ಯಾರಿರ್ತೀರಿ?" ಎಂದು ಕೇಳಿದಳು.

"ಅತ್ತೆ ಇರ್ತಾರೆ. ಈಗ ನಾನೂ ಇರ್ತೀನಿ" ಎಂದಳು ಸೊಸೆ.

"ಕೆಲಸ?"

"ಇತ್ತು. ಈಗಿಲ್ಲ."

ಬರೆಯುವ ಕಡ್ಡಿ ಗಾಜಿನ ಮೇಲೆ ನಿಂತಿತು. ಅಧಿಕಾರಿ ಸೊಸೆಯ ಮುಖವನ್ನೇ ನೋಡಿದಳು. "ಹಾಗೇ ಬರೀಲಾ?"

ಸೊಸೆಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ಇದ್ದದ್ದನ್ನೇ ಬರೀರಿ" ಎಂದಳು.

ಕಾಗದ ಬಂದದ್ದು ಎರಡು ವಾರದ ಮೇಲೆ, ಊಟದ ಹೊತ್ತಿಗೇ. ಲಾಯರಮ್ಮ ಅವಸರದಿಂದ ಹರಿದು ಓದಿದಳು.

"'ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿದೆ.' ಗೆದ್ವಿ ತಾತಾ! 'ಅರ್ಜಿದಾರರಿಗೆ ಅಗತ್ಯವಿರುವ ಆರೈಕೆ, ವಾರಕ್ಕೆ ಹದಿನಾಲ್ಕು ಗಂಟೆ.' ಹನ್ನೆರಡಲ್ಲ, ಹದಿನಾಲ್ಕು!"

"ಸದ್ಯ" ಎಂದಳು ಅತ್ತೆ. ಅಂಥ ನಿಟ್ಟುಸಿರನ್ನು ಆ ಮನೆ ಎಷ್ಟು ದಿನದಿಂದ ಕೇಳಿರಲಿಲ್ಲವೋ.

ಲಾಯರಮ್ಮ ಮುಂದಿನ ಸಾಲಿಗೆ ಹೋಗಿ ನಿಂತಳು.

"ಓದೇ" ಎಂದ ಡ್ರೈವರ್.

"'ಮನೆಯಲ್ಲಿ ಹಗಲು ಲಭ್ಯವಿರುವ, ಉದ್ಯೋಗವಿಲ್ಲದ, ಆರೋಗ್ಯವಂತ ವಯಸ್ಕರು: ಒಬ್ಬರು. ಅವರಿಂದ ದೊರೆಯುವ ಆರೈಕೆ, ವಾರಕ್ಕೆ ಹದಿನಾಲ್ಕು ಗಂಟೆ. ಆದ್ದರಿಂದ ಕಚೇರಿಯಿಂದ ಮಂಜೂರಾದದ್ದು: ಸೊನ್ನೆ.'"

"ಇದ್ದ ನಾಲ್ಕು?"

"ಅದೂ ಇಲ್ಲ ಅಪ್ಪಾ."

ಡ್ರೈವರ್ ತಟ್ಟೆಯನ್ನು ದೂರ ತಳ್ಳಿದ. ಅತ್ತೆಗೆ ಲೆಕ್ಕ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಅವಳು ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ಸೊಸೆ ಕಾಗದವನ್ನು ತಾನೇ ತೆಗೆದುಕೊಂಡು ಸಣ್ಣ ಅಕ್ಷರ ಹುಡುಕಿದಳು. ಪರಿಶೀಲಕರ ಸಂಖ್ಯೆ 226. ಪರಿಶೀಲನೆಗೆ ಹಿಡಿದ ಸಮಯ: ಹದಿನೆಂಟು ನಿಮಿಷ. ಅದರ ಕೆಳಗೆ ಆ 226 ತನ್ನದೇ ಮಾತಿನಲ್ಲಿ ಬರೆದಿತ್ತು: 'ಎಲ್ಲ ಪುಟಗಳನ್ನೂ ಎರಡು ಸಲ ಓದಿದ್ದೇನೆ. ಬೇರೆ ದಾರಿ ಇದೆಯೇ ಎಂದು ನಿಯಮವನ್ನೂ ತೆಗೆದು ನೋಡಿದೆ. ಇಲ್ಲ. ಕ್ಷಮಿಸಿ.'

"ಇವರು ನಿಜವಾಗ್ಲೂ ಓದಿದಾರೆ ಅಮ್ಮಾ" ಎಂದಳು ಲಾಯರಮ್ಮ. "ಇನ್ನೊಂದು ಆಕ್ಷೇಪಣೆ ಹಾಕ್ತೀನಿ. ನಿಯಮ ಇಪ್ಪತ್ತೊಂದರಲ್ಲಿ..."

"ಹಾಕು" ಎಂದರು ಮಾವ. "ನಾಳೆ ಹಾಕು. ಈಗ ಊಟ ಮಾಡು."

ಶನಿವಾರ ಆರೈಕೆಯಾಕೆಯ ಕೊನೆಯ ದಿನ. ಎತ್ತುವುದನ್ನು ಸೊಸೆಗೆ ಮೂರು ಸಲ ತೋರಿಸಿದಳು. "ಸೊಂಟದಿಂದ ಎತ್ತಬೇಡಿ ಅಕ್ಕಾ, ಮಂಡಿ ಬಗ್ಗಿಸಿ ಎತ್ತಿ. ಇಲ್ಲಾಂದ್ರೆ ನಿಮ್ಮನ್ನ ಎತ್ತೋಕೆ ಇನ್ನೊಬ್ಬರು ಬೇಕಾಗುತ್ತೆ" ಎಂದು ನಗಿಸಿ, ಚಹಾ ಕುಡಿದು ಹೋದಳು.

ಸೋಮವಾರ ಸೊಸೆ ಒಬ್ಬಳೇ ಮಾವನಿಗೆ ಸ್ನಾನ ಮಾಡಿಸಿದಳು. ಮಂಡಿ ಬಗ್ಗಿಸಿ ಎತ್ತಿದಳು. ಹಾಸಿಗೆಯ ಅಂಚಿನಲ್ಲಿ ಕೂರಿಸಿ ಬೆನ್ನು ಒರೆಸಿ, ಸ್ವಾಧೀನವಿಲ್ಲದ ಕೈಗೆ ಮೊದಲು ತೋಳು ತೊಡಿಸಿ, ಅಂಗಿಯನ್ನು ಮುಂದಕ್ಕೆ ತಂದು ಮೇಲಿನ ಗುಂಡಿ ಹಿಡಿದಳು.

"ಕೆಳಗಿಂದ ಶುರು ಮಾಡಮ್ಮ" ಎಂದರು ಮಾವ. "ಕೆಳಗಿಂದ ಹಾಕ್ಕೊಂಡು ಬಂದ್ರೆ ಕಾಜಾ ತಪ್ಪಲ್ಲ."

ಆಗ ಅಡುಗೆಮನೆಯಿಂದ ಅತ್ತೆಯ ಕೂಗು ಬಂತು. "ಮೊಟ್ಟೆ ಇಟ್ಟಿದೀನಿ ಕಣೇ, ಐದು ಫೈಲ್ ಆದಮೇಲೆ..."

ಮಾತು ಅಲ್ಲಿಗೇ ನಿಂತಿತು. ಊಟದ ಮೇಜು ಬರಿದಾಗಿತ್ತು. ಅಡುಗೆಮನೆಯಲ್ಲಿ ಅತ್ತೆ, ಕೋಣೆಯಲ್ಲಿ ಸೊಸೆ, ಇಬ್ಬರೂ ನಿಂತಲ್ಲೇ ನಿಂತರು.

"ಒಂದು ಅಂಗಿ ಅಂದ್ರೆ ಒಂದು ಫೈಲ್ ಅಂತ ಇಟ್ಕೋ" ಎಂದರು ಮಾವ, ಸೊಸೆಗೆ ಮಾತ್ರ ಕೇಳುವ ಹಾಗೆ. "ಐದು ಸಲ ಹಾಕಿ ಬಿಚ್ಚು. ಬೆಂದಿರುತ್ತೆ."

ಸೊಸೆಗೆ ನಗು ಬಂತು. ನಗುತ್ತಿದ್ದ ಹಾಗೇ ಅಳುವೂ ಬಂದು, ಅವರ ಅಂಗಿಯ ಅಂಚು ಹಿಡಿದುಕೊಂಡು ತಲೆ ತಗ್ಗಿಸಿದಳು. ಮಾವ ಎಡಗೈಯನ್ನು ಅವಳ ತಲೆಯ ಮೇಲಿಟ್ಟರು.

"ಕೂಗ್ತೀನಿ ಅತ್ತೆ" ಎಂದು ಒಳಗಿನಿಂದಲೇ ಹೇಳಿ, ಸೊಸೆ ಕೆಳಗಿನ ಗುಂಡಿಯಿಂದ ಶುರು ಮಾಡಿದಳು.